ಮೊದಲನೇ ಗೇಮ್ ಎಲ್ರೂ ಮಾಡ್ತಾರೆ, ಎರಡನೇದು?

ಒಂದು ಪ್ರದೇಶದಲ್ಲಿ ಗೇಮ್ ಇಂಡಸ್ಟ್ರಿ ಅನ್ನೋದು ನಿಜವಾಗ್ಲೂ ಇದೆಯಾ ಅಂತ ತಿಳ್ಕೊಳ್ಳೋಕೆ ನಾನು ಕೇಳೋದು ಒಂದೇ ಪ್ರಶ್ನೆ. ಇಲ್ಲಿ ಎರಡನೇ ಗೇಮ್ ರಿಲೀಸ್ ಮಾಡಿರೋ ಟೀಮ್‌ಗಳು ಎಷ್ಟಿವೆ? ಎಷ್ಟು ಜನ ಡೆವಲಪರ್ಸ್ ಇದಾರೆ, ಎಷ್ಟು ಕಾಲೇಜಲ್ಲಿ ಗೇಮ್ ಡಿಸೈನ್ ಕೋರ್ಸ್ ಇದೆ, ವರ್ಷಕ್ಕೆ ಎಷ್ಟು ಜ್ಯಾಮ್ (ಎರಡು ಮೂರು ದಿನದಲ್ಲಿ ಗೇಮ್ ಮಾಡೋ ಕೂಟ) ನಡೆಯತ್ತೆ, ಅದೆಲ್ಲ ಆಮೇಲಿನ ಮಾತು. ಮೊದಲನೇ ಗೇಮ್‌ಗೆ ಹುಮ್ಮಸ್ಸು ಸಾಕು. ಕೂಡಿಟ್ಟ ದುಡ್ಡು, ಮನೆಯವ್ರ ತಾಳ್ಮೆ, ಕೆಟ್ಟ ನಿದ್ದೆ, ಇಷ್ಟರಲ್ಲೇ ಹೆಂಗೋ ಒಂದು ಗೇಮ್ ಹೊರಗೆ ಬರತ್ತೆ. ಅದು ಅಷ್ಟಕ್ಕಷ್ಟೇ ಮಾರಾಟ ಆಗತ್ತೆ, ಟೀಮ್ ಚದುರತ್ತೆ, ಪ್ರೋಗ್ರಾಮರ್ ಯಾವ್ದೋ ಬ್ಯಾಂಕಿಂಗ್ ಸಾಫ್ಟ್‌ವೇರ್ ಕೆಲಸಕ್ಕೆ ಹೋಗ್ತಾನೆ, ಆರ್ಟಿಸ್ಟ್ ಜಾಹೀರಾತಿನ ಕಡೆ ಹೋಗ್ತಾಳೆ, ಆ ಗೇಮ್ ಮಾಡುವಾಗ ಕಲ್ತಿದ್ದೆಲ್ಲ ಅವ್ರ ಜೊತೆನೇ ಹೊರಟೋಗತ್ತೆ. ಮುಂದಿನ ವರ್ಷ ಹೊಸಬ್ರು ಬಂದು ಅದೇ ಪಾಠನ ಒಂದನೇ ಅಕ್ಷರದಿಂದ ಶುರು ಮಾಡ್ತಾರೆ. ಆರಂಭ ಶೂರತ್ವಕ್ಕೆ ಪ್ರೈಜ್ ಕೊಡೋರು ಬೇಕಾದಷ್ಟು ಜನ ಇದಾರೆ, ಎರಡನೇ ಗೇಮ್‌ವರೆಗೂ ಟೀಮನ್ನ ಉಳಿಸೋಕೆ ಯಾರ ಹತ್ರನೂ ಸ್ಕೀಮ್ ಇಲ್ಲ.

ನಾನು ಮೊದಲು ಒಂದು ದೊಡ್ಡ ಸ್ಟುಡಿಯೋದಲ್ಲಿ ಪ್ರೋಗ್ರಾಮರ್ ಆಗಿದ್ದೆ, ಆಮೇಲೆ ನಮ್ದೇ ಒಂದು ಪುಟ್ಟ ಸ್ಟುಡಿಯೋ ಮಾಡಿದ್ವಿ, ಅದಾದ್ಮೇಲೆ ಕೆಲವು ವರ್ಷ ನಮ್ಮ ಪ್ರದೇಶದ ಗೇಮ್ ಡೆವಲಪರ್‌ಗಳಿಗೆ ಬೆಂಬಲ ಕೊಡೋ ಒಂದು ಕಾರ್ಯಕ್ರಮ ನಡೆಸ್ದೆ. ದುಡ್ಡು ಸ್ವಲ್ಪ ಸರ್ಕಾರದ್ದು, ಸ್ವಲ್ಪ ಅಲ್ಲಿನ ಸ್ಟುಡಿಯೋಗಳ ಚಂದಾ. ಆ ಕೆಲಸದಲ್ಲಿ ಏನು ಮಾಡಿದ್ವಿ, ಯಾಕೆ ಹಾಗೇ ಮಾಡಿದ್ವಿ ಅಂತ ಬರೀತಿದೀನಿ. ಇದೇ ಕೆಲಸಕ್ಕೆ ಕೈ ಹಾಕೋಕೆ ಹೊರಟಿರೋರು ಆಗಾಗ ಕೇಳ್ತಿರ್ತಾರೆ, ಪ್ರತಿ ಸಲ ಫೋನಲ್ಲಿ ಹೇಳಿ ಹೇಳಿ ಸಾಕಾಗಿದೆ.

ಮೊದಲು ದುಡ್ಡು ಕೊಡೋರ ವಿಷ್ಯ. ಇಂಥ ಕೆಲಸಕ್ಕೆ ಸರ್ಕಾರ ಒಪ್ಕೊಂಡ ತಕ್ಷಣ ಅವ್ರ ತಲೆಗೆ ಬರೋದು ಎರಡೇ ಐಡಿಯಾ, ಒಂದು ಬಿಲ್ಡಿಂಗ್, ಇನ್ನೊಂದು ದೊಡ್ಡ ಹೆಸರು. ಬಿಲ್ಡಿಂಗ್ ಅಂದ್ರೆ ರಿಬ್ಬನ್ ಕತ್ತರಿಸ್ಬಹುದು, ಫೋಟೋ ಬರತ್ತೆ. ದೊಡ್ಡ ಹೆಸರು ಅಂದ್ರೆ ಯಾವ್ದೋ ಗೊತ್ತಿರೋ ಸ್ಟುಡಿಯೋನ ಆಮಿಷ ಒಡ್ಡಿ ಕರ್ಕೊಂಡು ಬರೋದು. ನಮ್ಮ ಮೊದಲನೇ ಮೀಟಿಂಗಲ್ಲೂ ಇದೇ ಬಂತು, ಅದಕ್ಕೆ ನಾನು ಅವ್ರ ಮುಂದೆ ರೋಡ್ ಐಲೆಂಡ್ ಕಥೆ ಇಟ್ಟೆ. ಅಮೆರಿಕದ ಆ ಪುಟ್ಟ ರಾಜ್ಯ 2010ರಲ್ಲಿ 38 ಸ್ಟುಡಿಯೋಸ್ ಅನ್ನೋ ಒಂದೇ ಕಂಪನಿಗೆ 7.5 ಕೋಟಿ ಡಾಲರ್ ಸಾಲಕ್ಕೆ ಗ್ಯಾರಂಟಿ ನಿಂತ್ಕೊಂಡು ಪಕ್ಕದ ಮ್ಯಾಸಚೂಸೆಟ್ಸ್‌ನಿಂದ ಅದನ್ನ ಕರೆಸ್ಕೊಳ್ತು. 2012ರಲ್ಲಿ ಕಂಪನಿ ದಿವಾಳಿ. 300ಕ್ಕೂ ಹೆಚ್ಚು ಜನ ಒಂದೇ ಸಲ ಬೀದಿಗೆ ಬಂದ್ರು, ಆ ಬಾಂಡ್ ಸಾಲ ತೀರಿಸೋ ಹೊರೆ ರಾಜ್ಯದ ತಲೆಗೆ ಬಂತು, ಕೋರ್ಟು ಕಚೇರಿ ವರ್ಷಗಟ್ಲೆ ನಡೀತು. ಅಲ್ಲಿ ಗೇಮ್ ಚೆನ್ನಾಗಿರ್ಲಿಲ್ಲ ಅಂತಲ್ಲ, ಮೊದಲನೇ ಗೇಮ್ ರಿಲೀಸ್ ಆಗಿತ್ತು, ಜನ ಆಡಿದ್ರು ಕೂಡ. ಆದ್ರೆ ಇಡೀ ಪ್ರದೇಶದ ಗಂಟನ್ನ ಒಂದೇ ಕಂಪನಿ ಮಡಿಲಿಗೆ ಹಾಕಿದ್ಮೇಲೆ ಆ ಕಂಪನಿಗೆ ನೆಗಡಿ ಬಂದ್ರೂ ಊರಿಗೆಲ್ಲ ಜ್ವರ.

ಹಾಗಂತ ದೊಡ್ಡ ಸ್ಟುಡಿಯೋ ಕರೆಸೋದು ತಪ್ಪು ಅಂತ ನಾನು ಹೇಳಲ್ಲ, ಕೆನಡಾದ ಮಾಂಟ್ರಿಯಲ್ ಬೆಳೆದಿದ್ದೇ ಹಾಗೆ. ಫ್ರಾನ್ಸಿನ ದೊಡ್ಡ ಗೇಮ್ ಕಂಪನಿ ಯೂಬಿಸಾಫ್ಟ್ 1997ರಲ್ಲಿ ಅಲ್ಲಿಗೆ ಬಂದಿದ್ದು ಅಲ್ಲಿನ ಕ್ಯೂಬೆಕ್ ಪ್ರಾಂತ್ಯದ ಸರ್ಕಾರ ಸಂಬಳದ ಭಾಗ ಕೊಡ್ತೀವಿ ಅಂದಿದ್ದಕ್ಕೆ. ಆದ್ರೆ ಅಲ್ಲಿನ ಟ್ಯಾಕ್ಸ್ ಕ್ರೆಡಿಟ್, ಅಂದ್ರೆ ತೆರಿಗೆ ರಿಯಾಯಿತಿ, ಯಾವ್ದೋ ಒಂದು ಕಂಪನಿಗೆ ಅಂತ ಉಳೀಲಿಲ್ಲ, ಅರ್ಹತೆ ಇರೋ ಯಾವ ಸ್ಟುಡಿಯೋಗಾದ್ರೂ ಸಂಬಳದ ಖರ್ಚಿನ ಮೇಲೆ ಶೇ. 30, ಗೇಮ್ ಫ್ರೆಂಚ್‌ನಲ್ಲೂ ಬಂದ್ರೆ ಶೇ. 37.5ರವರೆಗೂ ಅಂತ ಬಹಳ ವರ್ಷ ನಡೀತು. ಸಂಬಳದ ಮೇಲೆ ಅನ್ನೋದನ್ನ ಗಮನಿಸ್ಬೇಕು. ದುಡ್ಡು ಹೋಗಿದ್ದು ಕೆಲಸ ಕಲ್ತ ಜನರ ಮೇಲೆ, ಕಂಪನಿ ಬಿಟ್ರೂ ಆ ಜನ ಅದೇ ಊರಲ್ಲಿ ಇನ್ನೊಂದು ಕಂಪನಿ ಕಟ್ತಾರೆ. ಇದಕ್ಕೂ ಒಂದು ತೊಡಕಿದೆ, ಇಂಥ ರಿಯಾಯಿತಿ ಕೊಟ್ಟು ನಡೆಸೋಕೆ ಖಜಾನೆ ಗಟ್ಟಿ ಇರ್ಬೇಕು, ಮತ್ತೆ ಪಕ್ಕದ ಪ್ರದೇಶ ಇನ್ನೂ ಜಾಸ್ತಿ ಕೊಡ್ತೀನಿ ಅಂದ್ರೆ ಪೈಪೋಟಿ ಮುಗಿಯೋದೇ ಇಲ್ಲ. ನಮ್ಮ ಹತ್ರ ಇದ್ದ ದುಡ್ಡಲ್ಲಿ ಅದ್ಯಾವುದೂ ಆಗ್ತಿರ್ಲಿಲ್ಲ, ಹಂಗಾಗಿ ಪಟ್ಟಿಯಿಂದ ಬಿಲ್ಡಿಂಗ್ ತೆಗೆಸಿ, ದೊಡ್ಡ ಹೆಸರು ತೆಗೆಸಿ, ಉಳಿದಿದ್ದ ಚಿಲ್ಲರೆ ಕೆಲಸಗಳನ್ನ ಹಿಡ್ಕೊಂಡ್ವಿ.

ಅದ್ರಲ್ಲಿ ಮೊದಲನೇದು ತಿಂಗಳಿಗೊಂದು ಸೇರೋದು. ಫಿನ್ಲೆಂಡ್‌ನಲ್ಲಿ ಐಜಿಡಿಎ (ಗೇಮ್ ಡೆವಲಪರ್‌ಗಳ ಅಂತರರಾಷ್ಟ್ರೀಯ ಸಂಘ) ಶಾಖೆಯವ್ರು ತಿಂಗಳು ತಿಂಗಳು ಸೇರ್ತಾರೆ, ಅಲ್ಲಿನ ಇಂಡಸ್ಟ್ರಿ ಜನ ಇದನ್ನ ಹೆಮ್ಮೆಯಿಂದ ಹೇಳ್ಕೊಳ್ತಾರೆ. ನಾವೂ ಅದನ್ನೇ ಶುರು ಮಾಡಿದ್ವಿ, ಆದ್ರೆ ಭಾಷಣ ಇಟ್ಕೊಳ್ಳೋದು ಬೇಗ ಬಿಟ್ವಿ. ಭಾಷಣ ಇದ್ರೆ ಜನ ಕೂತು ಕೇಳಿ ಮನೆಗೆ ಹೋಗ್ತಾರೆ ಅಷ್ಟೇ. ಅದ್ರ ಬದ್ಲು ಟೇಬಲ್‌ಗಳ ಮೇಲೆ ಲ್ಯಾಪ್‌ಟಾಪ್, ಮೇಲೊಂದು ಕಂಟ್ರೋಲರ್, ಪಕ್ಕದಲ್ಲಿ ಕಾಗದ ಪೆನ್ನು. ಬಿಲ್ಡ್, ಅಂದ್ರೆ ಆಡೋಕೆ ಬರೋ ಗೇಮ್ ಫೈಲ್, ತಂದವ್ರಿಗೆ ಟೇಬಲ್, ತರದೇ ಇದ್ದವ್ರು ಆಡ್ಬೇಕು. ಐಡಿಯಾ ಇದೆ ಅನ್ನೋರಿಗೆ ಟೇಬಲ್ ಇಲ್ಲ. ಇದು ಸ್ವಲ್ಪ ಒರಟು ಅಂತ ಕೆಲವ್ರಿಗೆ ಅನ್ನಿಸ್ತು, ಇರ್ಲಿ.

ಪ್ಲೇಟೆಸ್ಟ್ ಹೆಂಗೆ ನಡೆಸ್ತಿದ್ವಿ ಅಂತ ಸ್ವಲ್ಪ ವಿವರವಾಗಿ ಹೇಳ್ತೀನಿ, ನನ್ನ ಪ್ರಕಾರ ನಾವು ಮಾಡಿದ ಕೆಲಸಗಳಲ್ಲಿ ಖರ್ಚು ಕಮ್ಮಿ ಲಾಭ ಜಾಸ್ತಿ ಇದ್ದಿದ್ದು ಇದೇ. ಆಡೋಕೆ ಕೂತವ್ರು ಆ ಗೇಮ್ ಮೊದಲು ನೋಡಿರ್ಬಾರ್ದು. ಮಾಡಿದವ್ರು ಹಿಂದೆ ನಿಂತ್ಕೋಬೇಕು, ಬಾಯಿ ಬಿಡೋ ಹಾಗಿಲ್ಲ. ಈ ಬಾಯಿ ಮುಚ್ಕೊಂಡು ನಿಲ್ಲೋದು ಎಷ್ಟು ಕಷ್ಟ ಅಂತ ನಿಂತವ್ರಿಗೇ ಗೊತ್ತು. ಒಬ್ಬ ಹುಡುಗನ ಪಝಲ್ ಗೇಮಲ್ಲಿ ಮೊದಲನೇ ಬಾಗಿಲು ತೆಗೆಯೋಕೆ ಒಂದು ಹಿಡಿಕೆನ ಎಳೆದು ಹಿಡ್ಕೋಬೇಕಿತ್ತು, ಒತ್ತಿ ಬಿಟ್ರೆ ತೆಗೆಯಲ್ಲ. ಕೂತವ್ರು ಒತ್ತಿದ್ರು, ಏನೂ ಆಗ್ಲಿಲ್ಲ, ಅದು ಬರೀ ಅಲಂಕಾರ ಅನ್ಕೊಂಡು ರೂಮ್ ತುಂಬ ಸುತ್ತಾಡಿದ್ರು, ಗೋಡೆಗೆ ಡಿಕ್ಕಿ ಹೊಡೆದ್ರು, ಮೆನುಗೆ ಹೋಗಿ ಬಂದ್ರು. ಹಿಂದೆ ನಿಂತವನ ಕೈ ಎರಡು ಸಲ ಸ್ಕ್ರೀನ್ ಕಡೆ ಹೋಗಿ ವಾಪಸ್ ಬಂತು. ಮುಂದಿನ ತಿಂಗಳು ಬಂದಾಗ ಹಿಡಿಕೆ ಒತ್ತಿದ ತಕ್ಷಣ ಬಾಗಿಲು ಒಂದು ಬೆರಳಿನಷ್ಟು ಸರಿದು ಮತ್ತೆ ಮುಚ್ಕೊಳ್ತಿತ್ತು, ಅಷ್ಟೇ ಬದಲಾವಣೆ, ಯಾರೂ ಅಲ್ಲಿ ಸಿಕ್ಕಿಹಾಕ್ಕೊಳ್ಳಲಿಲ್ಲ. ಇದನ್ನ ಯಾವ ವರ್ಕ್‌ಶಾಪಲ್ಲಿ ಹೇಳ್ಕೊಟ್ರೂ ತಲೆಗೆ ಹೋಗಲ್ಲ ಕಣ್ರೀ.

ಇನ್ನೊಂದು, ಸೇರೋ ಹೊತ್ತು. ಎಲ್ಲ ಸಂಘದವ್ರೂ ಸಂಜೆ ಏಳಕ್ಕೆ ಇಡ್ತಾರೆ, ಚಿಕ್ಕ ಮಕ್ಕಳಿರೋರು ಬರೋಕಾಗಲ್ಲ, ಅದ್ರಲ್ಲೂ ಹೆಂಗಸ್ರು. ಒಂದು ತಿಂಗಳು ಸಂಜೆ, ಒಂದು ತಿಂಗಳು ಶನಿವಾರ ಬೆಳಗ್ಗೆ ಅಂತ ಬದಲಾಯಿಸಿದ್ಮೇಲೆ ಹೊಸ ಮುಖ ಬಂದ್ವು, ಅವ್ರಲ್ಲಿ ಬಹಳಷ್ಟು ಜನ ಹಳೇ ಕೈಗಳು, ಇಂಡಸ್ಟ್ರಿಯಲ್ಲಿ ಹತ್ತು ವರ್ಷ ಕಳೆದವ್ರು. ನಮಗೆ ಬೇಕಾಗಿದ್ದೂ ಅವ್ರೇ.

ಜ್ಯಾಮ್‌ಗಳ ಬಗ್ಗೆ ಜಾಸ್ತಿ ಹೇಳಲ್ಲ. ಗ್ಲೋಬಲ್ ಗೇಮ್ ಜ್ಯಾಮ್ 2009ರಿಂದ ನಡೀತಿದೆ, ಯಾರು ಬೇಕಾದ್ರೂ ತಮ್ಮ ಕಡೆ ಒಂದು ಜಾಗ ರಿಜಿಸ್ಟರ್ ಮಾಡಿ ನಡೆಸ್ಬಹುದು, ಇಂಟರ್ನೆಟ್ ಮತ್ತೆ ಪ್ಲಗ್ ಪಾಯಿಂಟ್ ಗಟ್ಟಿಯಾಗಿದ್ರೆ ಸಾಕು. ಆಸ್ಟ್ರೇಲಿಯಾದ ಅಡಿಲೇಡ್‌ನ ಟೀಮ್ ಚೆರ್ರಿಯವ್ರು 2013ರಲ್ಲಿ ಲೂಡಮ್ ಡೇರ್ ಜ್ಯಾಮ್‌ಗೆ ಹಂಗ್ರಿ ನೈಟ್ ಅಂತ ಒಂದು ಚಿಕ್ಕದು ಮಾಡಿದ್ರು, ಅದ್ರ ಹೀರೋನೇ ಆಮೇಲೆ 2017ರ ಹಾಲೋ ನೈಟ್ ಗೇಮಿನ ಹೀರೋ ಆಗಿದ್ದು. ಆದ್ರೆ ಜ್ಯಾಮ್ ಮುಗಿದ ಭಾನುವಾರ ಸಂಜೆ ಎಲ್ರೂ ಚಪ್ಪಾಳೆ ಹೊಡ್ಕೊಂಡು ಹೋದ್ರೆ ಅಲ್ಲಿಗೆ ಮುಗೀತು. ನಾವು ಮಾಡ್ತಿದ್ದಿದ್ದು ಜ್ಯಾಮ್ ಆಗಿ ಕೆಲವು ವಾರ ಬಿಟ್ಟು ಅದೇ ಟೀಮ್‌ಗಳಿಗೆ ಫೋನ್ ಮಾಡಿ, ಆಮೇಲೆ ಆ ಗೇಮ್ ಫೈಲ್ ಮತ್ತೆ ಓಪನ್ ಮಾಡಿದ್ರಾ ಅಂತ ಕೇಳೋದು. ತೆಗೆದವ್ರನ್ನ ಟೇಬಲ್‌ಗೆ ಕರೀತಿದ್ವಿ. ಯಾರು ಗೆದ್ರು ಅನ್ನೋದಕ್ಕಿಂತ ಯಾರು ಮತ್ತೆ ತೆಗೆದ್ರು ಅನ್ನೋದು ನನಗೆ ಮುಖ್ಯ ಆಗಿತ್ತು.

ಈಗ ದುಡ್ಡು ಕೊಡೋ ಭಾಗ. ಬ್ರಿಟನ್ನಿನಲ್ಲಿ 2015ರಿಂದ ಯುಕೆ ಗೇಮ್ಸ್ ಫಂಡ್ ಅಂತ ಇದೆ, ನಡೆಸೋದು ಲಂಡನ್ನಿಂದ ಅಲ್ಲ, ಸ್ಕಾಟ್ಲೆಂಡಿನ ಡಂಡೀಯಿಂದ. ಅದ್ರ ಶುರುವಿನ ಮಾದರಿ ಸರಳ, ಪ್ರೋಟೋಟೈಪ್ ಮಾಡೋಕೆ 25 ಸಾವಿರ ಪೌಂಡ್‌ವರೆಗೆ ಗ್ರಾಂಟ್. ಒಂದು ಪೂರ್ತಿ ಗೇಮ್‌ಗೆ ಅದು ಸಾಲಲ್ಲ, ಸಾಲ್ಬೇಕು ಅಂತಲೂ ಇಲ್ಲ. ಗೇಮ್‌ಗೆ ದುಡ್ಡು ಹಾಕಿ ಮಾರೋ ಪಬ್ಲಿಷರ್ ಮುಂದೆ ಇಡೋಕೆ, ಜನರ ಕೈಗೆ ಕೊಡೋಕೆ ಆಗೋ ಒಂದು ತುಂಡು ತಯಾರಾದ್ರೆ ಸಾಕು. ನಮ್ಮ ಫಂಡ್ ಅದಕ್ಕಿಂತ ಎಷ್ಟೋ ಚಿಕ್ಕದು, ಆದ್ರೆ ತತ್ವ ಅದೇ. ಕಂತುಗಳಲ್ಲಿ ಕೊಡ್ತಿದ್ವಿ, ಪ್ರತಿ ಕಂತಿಗೂ ಒಂದು ಬಿಲ್ಡ್ ಕಟ್ಟಿಹಾಕಿದ್ವಿ, ರಿಪೋರ್ಟ್ ಬೇಡ, ಪವರ್‌ಪಾಯಿಂಟ್ ಬೇಡ, ಫೈಲ್ ಕಳ್ಸಿ ನಾವೇ ಆಡ್ತೀವಿ. ಆಯ್ಕೆ ಸಮಿತಿಯಲ್ಲಿ ಗೇಮ್ ಒಂದನ್ನ ಪೂರ್ತಿ ಮಾಡಿ ಮಾರಿದ ಅನುಭವ ಇರೋರೇ ಜಾಸ್ತಿ ಇರ್ಬೇಕು ಅಂತ ಹಟ ಹಿಡಿದ್ವಿ, ಅದೂ ನಮ್ಮ ಪ್ರದೇಶದ ಹೊರಗಿನವ್ರು, ಯಾಕಂದ್ರೆ ಒಳಗಿನವ್ರಾದ್ರೆ ಎಲ್ರಿಗೂ ಎಲ್ರೂ ಗೊತ್ತು, ಆಮೇಲೆ ಮುಖ ನೋಡಿ ಮಣೆ ಹಾಕಿದ್ರು ಅಂತ ಮಾತು ಬರತ್ತೆ. ಬಂದೇ ಬರತ್ತೆ.

ಗ್ರಾಂಟ್ ಸಿಗದೇ ಇದ್ದವ್ರಿಗೆ ಯಾಕೆ ಸಿಗ್ಲಿಲ್ಲ ಅಂತ ಅರ್ಧ ಪುಟ ಬರೆದು ಕಳಿಸ್ತಿದ್ವಿ. ಇದು ತಲೆನೋವಿನ ಕೆಲಸ, ಸಮಿತಿಯವ್ರು ಗೊಣಗಾಡ್ತಿದ್ರು, ಆದ್ರೂ ಬಿಡ್ಲಿಲ್ಲ. ಎರಡನೇ ಸಲ ಅರ್ಜಿ ಹಾಕಿ ಸಿಕ್ಕವ್ರ ಗೇಮ್‌ಗಳು ಮೊದಲನೇ ಸಲ ಸಿಕ್ಕವ್ರದ್ದಕ್ಕಿಂತ ಸಾಮಾನ್ಯವಾಗಿ ಗಟ್ಟಿ ಇರ್ತಿದ್ವು. ಇನ್ನು ಹಕ್ಕು, ಅಂದ್ರೆ ಐಪಿ, ಅದನ್ನ ನಾವು ಮುಟ್ಲಿಲ್ಲ. ಸಾರ್ವಜನಿಕ ದುಡ್ಡು ಕೊಡ್ತೀವಿ, ಪಾಲು ಬೇಕು ಅಂತ ಒಬ್ಬ ಅಧಿಕಾರಿ ಬಹಳ ಜಗ್ಗಾಡಿದ್ರು. ನಾನು ಹೇಳಿದ್ದು ಇಷ್ಟೇ, ಸರ್, ಮೊದಲನೇ ಗೇಮಿನ ಹಕ್ಕು ಟೀಮ್ ಹತ್ರ ಇದ್ರೆ ತಾನೇ ಅದನ್ನ ಬೇರೆ ಕನ್ಸೋಲ್‌ಗೆ ಕೊಟ್ಟೋ, ಹಲವು ಗೇಮ್ ಸೇರಿಸಿ ಮಾರೋ ಬಂಡಲ್‌ಗೆ ಕೊಟ್ಟೋ ಮಧ್ಯೆ ಉಸಿರು ಹಿಡ್ಕೊಳ್ಳೋದು, ಅದನ್ನೂ ನಾವೇ ಕಿತ್ಕೊಂಡ್ರೆ ಎರಡನೇ ಗೇಮ್ ಯಾವ ದುಡ್ಡಲ್ಲಿ ಮಾಡ್ತಾರೆ? ಕೊನೆಗೆ ಒಪ್ಪಿದ್ರು, ಮನಸಾರೆ ಅಲ್ಲ ಅಂತ ಮುಖದಲ್ಲೇ ಕಾಣ್ತಿತ್ತು.

ಗ್ರಾಂಟ್ ದುಡ್ಡನ್ನ ಯಾವುದಕ್ಕೆ ಖರ್ಚು ಮಾಡ್ಬಹುದು ಅನ್ನೋ ಪಟ್ಟಿನೂ ನಾವು ಉಲ್ಟಾ ಬರೆದ್ವಿ. ಕೋಡ್, ಆರ್ಟ್ ಇವನ್ನ ಟೀಮ್ ಹೆಂಗೋ ತಾನೇ ಮಾಡ್ಕೊಳ್ಳತ್ತೆ. ಯಾರೂ ತಮ್ಮ ಜೇಬಿಂದ ಖರ್ಚು ಮಾಡದೇ ಇರೋ ನೀರಸ ಬಾಬ್ತುಗಳಿಗೆ ಒಂದು ಭಾಗ ಮೀಸಲಿಟ್ವಿ, ಹೊರಗಿನವ್ರಿಂದ ಬಗ್ ಹುಡುಕಿಸೋದು, ಬೇರೆ ಭಾಷೆಗೆ ಅನುವಾದ, ಟ್ರೇಲರ್ ಎಡಿಟಿಂಗ್, ವಕೀಲರ ಫೀಸು, ಅಕೌಂಟೆಂಟ್. ಟ್ರೇಲರ್ ಬಗ್ಗೆ ಒಂದು ಮಾತು, ಬಹಳ ಟೀಮ್‌ಗಳು ಶುರುವಲ್ಲಿ ತಮ್ಮ ಲೋಗೋ ಹಾಕಿ, ಮಂಜು ಮುಸುಕಿದ ಬೆಟ್ಟ ತೋರ್ಸಿ, ಎರಡು ಸಾಲು ಕಥೆ ಬರೆದು, ಆಮೇಲೆ ಗೇಮ್ ತೋರಿಸ್ತಾರೆ. ಅಷ್ಟೊತ್ತಿಗೆ ನೋಡೋರು ಬೇರೆ ಕಡೆ ಹೋಗಿರ್ತಾರೆ. ಮೊದಲನೇ ಐದು ಸೆಕೆಂಡಲ್ಲಿ ಆಟಗಾರ ಏನು ಮಾಡ್ತಾನೆ ಅನ್ನೋದು ಕಾಣ್ಬೇಕು.

ಮಾರ್ಕೆಟಿಗೆ ಬಂದ್ರೆ ಪಿಸಿ ಗೇಮ್‌ಗೆ ಸ್ಟೀಮ್ ಅನ್ನೋ ಆನ್‌ಲೈನ್ ಅಂಗಡಿ ಬಿಟ್ಟು ಮಾತಾಡೋಕಾಗಲ್ಲ. ಒಂದು ಗೇಮ್‌ಗೆ 100 ಡಾಲರ್ ಕಟ್ಬೇಕು, ಆ ಗೇಮ್ 1,000 ಡಾಲರ್ ದುಡಿದ್ಮೇಲೆ ಆ ನೂರು ವಾಪಸ್ ಬರತ್ತೆ, ಮಾರಾಟದಲ್ಲಿ ಸಾಮಾನ್ಯವಾಗಿ ಶೇ. 30 ಅವ್ರಿಗೆ. ಆಡೋಕೆ ತಗೊಂಡವ್ರು ಎರಡು ಗಂಟೆಗಿಂತ ಕಮ್ಮಿ ಆಡಿ 14 ದಿನದೊಳಗೆ ಕೇಳಿದ್ರೆ ದುಡ್ಡು ವಾಪಸ್. ಹಂಗಾಗಿ ಮೊದಲನೇ ಎರಡು ಗಂಟೆ ಹದವಾಗಿಲ್ದೇ ಇದ್ರೆ ಮಾರಿದ್ದೂ ಕೈಯಲ್ಲಿ ನಿಲ್ಲಲ್ಲ. ನಿಯಮದ ಪ್ರಕಾರ ಸ್ಟೋರ್ ಪೇಜ್ ರಿಲೀಸ್‌ಗಿಂತ ಕನಿಷ್ಠ ಎರಡು ವಾರ ಮೊದಲು ಹಾಕ್ಬೇಕು, ಆದ್ರೆ ಎರಡು ವಾರದಲ್ಲಿ ಯಾರಿಗೆ ಗೊತ್ತಾಗತ್ತೆ? ನಾವು ಗ್ರಾಂಟಿನ ಎರಡನೇ ಕಂತಿಗೇ ಪೇಜ್ ಲೈವ್ ಆಗಿರ್ಬೇಕು ಅಂತ ಷರತ್ತು ಹಾಕಿದ್ವಿ, ಗೇಮ್ ಅರ್ಧ ಆಗಿದ್ರೂ ಪರ್ವಾಗಿಲ್ಲ. ಆಮೇಲೆ ತಗೋಳೋಣ ಅಂತ ಜನ ಗುರುತು ಹಾಕೋ ವಿಶ್‌ಲಿಸ್ಟ್ ಸೇರೋಕೆ ತಿಂಗಳುಗಳು ಬೇಕು, ಆಮೇಲೆ ಸ್ಟೀಮ್‌ನವ್ರ ಡೆಮೋ ಹಬ್ಬ ನೆಕ್ಸ್ಟ್ ಫೆಸ್ಟ್‌ಗೆ ಡೆಮೋ ಇಡೋದು. ಅದಕ್ಕೆ ಒಂದು ಗೇಮ್ ಒಂದೇ ಸಲ ಹೋಗ್ಬಹುದು, ಅದಕ್ಕೆ ಯಾವಾಗ ಹೋಗ್ಬೇಕು ಅಂತ ಟೀಮ್‌ಗಳ ಜೊತೆ ಕೂತು ಜಗಳಾನೇ ಆಡ್ತಿದ್ವಿ. ಎಲ್ರಿಗೂ ಬೇಗ ಹೋಗೋ ಆತುರ.

ಕಾಂಟ್ರಾಕ್ಟ್ ವಿಷಯಕ್ಕೆ ಬರ್ತೀನಿ, ಇಲ್ಲಿ ಸ್ವಲ್ಪ ನಿಲ್ಬೇಕು, ಎರಡನೇ ಗೇಮ್ ಸಾಯೋದು ಇಲ್ಲೇ. ಒಂದು ಲೆಕ್ಕ ನೋಡಿ, ತೆರಿಗೆ ರಿಫಂಡ್ ಎಲ್ಲ ಪಕ್ಕಕ್ಕಿಡೋಣ. ಪಬ್ಲಿಷರ್ ಗೇಮ್ ಮಾಡೋಕೆ 100 ಕೊಟ್ರು ಅನ್ಕೊಳ್ಳಿ. ಗೇಮ್ 300ಕ್ಕೆ ಮಾರಾಟ ಆಯ್ತು, ಕೇಳೋಕೆ ಚೆನ್ನಾಗಿದೆ, ಹಾಕಿದ್ದಕ್ಕೆ ಮೂರು ಪಟ್ಟು. ಸ್ಟೋರ್ 90 ಹಿಡ್ಕೊಳ್ತು, ಉಳಿದಿದ್ದು 210. ಪಬ್ಲಿಷರ್ ಮೊದಲು ತಮ್ಮ 100 ತಗೋತಾರೆ, ಆಮೇಲೆ ಮಾರ್ಕೆಟಿಂಗ್, ಟೆಸ್ಟಿಂಗ್, ಅನುವಾದ ಅಂತ ಇನ್ನೊಂದು 50 ತಗೋತಾರೆ. ಉಳಿದಿದ್ದು 60, ಅರ್ಧ ಅರ್ಧ ಅಂದ್ರೆ ಟೀಮ್‌ಗೆ 30. ಮೊದಲು ಕೊಟ್ಟ ನೂರನ್ನ ಗೇಮ್ ಮಾಡುವಾಗ್ಲೇ ತಿಂದಾಗಿದೆ. ಅಂದ್ರೆ ಮೂರು ಪಟ್ಟು ದುಡಿದ ಗೇಮ್ ಮುಂದಿನ ಗೇಮ್‌ಗೆ ಬಿಟ್ಟಿದ್ದು 30. ಈಗ ಆ ಮಾರ್ಕೆಟಿಂಗ್ ಖರ್ಚಿಗೆ ಕಾಂಟ್ರಾಕ್ಟಲ್ಲಿ ಮಿತಿ ಬರೆದಿಲ್ಲ ಅಂತಿಟ್ಕೊಳ್ಳಿ, ಅವ್ರು 50ರ ಬದ್ಲು 110 ತೋರಿಸಿದ್ರು, ಟೀಮ್‌ಗೆ ಸೊನ್ನೆ. ಮೋಸ ಏನಿಲ್ಲ, ಎಲ್ಲ ಸಹಿ ಹಾಕಿದ ಕಾಗದದ ಪ್ರಕಾರವೇ.

ಅದೇ ಕಾಗದದಲ್ಲಿ ಒಂದು ಸಾಲು ಬದಲಾಯಿಸಿ ನೋಡಿ. ಪಬ್ಲಿಷರ್ ತಮ್ಮ ದುಡ್ಡು ವಾಪಸ್ ತಗೊಳ್ಳೋ ಹೊತ್ತಲ್ಲೂ, ಬಂದ ಪ್ರತಿ ನೂರರಲ್ಲಿ 20 ಟೀಮ್‌ಗೆ ಹೋಗ್ಬೇಕು ಅಂತ. ಆಗ ಅವ್ರ 150 ತೀರೋ ಹೊತ್ತಿಗೆ ಟೀಮ್‌ಗೆ 37.5 ಬಂದಿರತ್ತೆ, ಉಳಿದ 22.5ರಲ್ಲಿ ಅರ್ಧ 11.25, ಒಟ್ಟು 48.75. ಅದಕ್ಕಿಂತ ದೊಡ್ಡ ವಿಷ್ಯ ಅಂದ್ರೆ ದುಡ್ಡು ರಿಲೀಸ್ ಆದ ಮೊದಲನೇ ಲೆಕ್ಕದಿಂದಲೇ ಬರೋಕೆ ಶುರು ಆಗತ್ತೆ, ವರ್ಷ ಕಾಯ್ಬೇಕಾಗಿಲ್ಲ. ಟೀಮ್ ಒಡೆಯೋದು ಆ ವರ್ಷದಲ್ಲೇ. ನಾವು ಒಬ್ಬ ವಕೀಲರನ್ನ ತಿಂಗಳಿಗೆ ಕೆಲವು ಗಂಟೆ ಅಂತ ಗೊತ್ತು ಮಾಡ್ಕೊಂಡ್ವಿ, ಯಾವ ಟೀಮ್ ಬೇಕಾದ್ರೂ ಸಹಿ ಹಾಕೋಕೆ ಮುಂಚೆ ಕಾಗದ ತಂದು ತೋರಿಸ್ಬಹುದು. ಅವ್ರು ನೋಡ್ತಿದ್ದಿದ್ದು ಮುಖ್ಯವಾಗಿ ಇಷ್ಟು: ಖರ್ಚಿಗೆ ಮಿತಿ ಇದೆಯಾ, ಎರಡನೇ ಗೇಮ್ ಮೇಲೆ ಪಬ್ಲಿಷರ್‌ಗೆ ಮೊದಲ ಹಕ್ಕು ಬರೆದಿದಾರಾ, ಅವ್ರು ಗೇಮ್ ರಿಲೀಸ್ ಮಾಡದೇ ಕೂತ್ರೆ ಹಕ್ಕು ವಾಪಸ್ ಬರತ್ತಾ, ಲೆಕ್ಕ ಪರಿಶೀಲಿಸೋ ಅಧಿಕಾರ ಇದೆಯಾ. ಸಹಿ ಹಾಕಿದ್ಮೇಲೆ ತರೋರೂ ಇದ್ರು, ಕೋಟೆ ಸೂರೆ ಹೋದ್ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ, ಏನು ಮಾಡೋಕಾಗತ್ತೆ ಪಾಪ. ನನ್ನ ಅಭಿಪ್ರಾಯ ಕೇಳಿದ್ರೆ ಒಂದು ಪ್ರದೇಶದ ಹತ್ರ ತೀರಾ ಕಮ್ಮಿ ದುಡ್ಡಿದ್ರೆ, ಬೇರೆ ಯಾವುದೂ ಬೇಡ, ಈ ವಕೀಲರಿಗೆ ಕೊಡಿ.

ಒಂದು ಗೇಮ್ ಮುಗಿದು ಇನ್ನೊಂದಕ್ಕೆ ದುಡ್ಡು ಸಿಗೋವರೆಗೆ ಟೀಮ್ ಏನು ತಿನ್ಬೇಕು? ಹೆಚ್ಚಿನವ್ರು ಬೇರೆಯವ್ರ ಕೆಲಸ ಮಾಡ್ತಾರೆ, ದೊಡ್ಡ ಸ್ಟುಡಿಯೋಗಳಿಗೆ ಆರ್ಟ್ ಮಾಡ್ಕೊಡೋದು, ಪೋರ್ಟಿಂಗ್ (ಒಂದು ಗೇಮನ್ನ ಬೇರೆ ಮಶೀನ್‌ಗೆ ಒಗ್ಗಿಸೋದು), ಯಾರೋ ಮ್ಯೂಸಿಯಂಗೆ ಟಚ್‌ಸ್ಕ್ರೀನ್ ಗೇಮ್. ಇದನ್ನ ಕೀಳಾಗಿ ನೋಡೋ ಒಂದು ಚಾಳಿ ಇದೆ, ಸ್ವಂತ ಗೇಮ್ ಮಾಡೋರು ಮಾತ್ರ ಕಲಾವಿದ್ರು ಅನ್ನೋ ಥರ. ನಾನು ಒಪ್ಪಲ್ಲ. ಬೇರೆಯವ್ರ ಕೆಲಸ ಮಾಡುವಾಗ ಡೆಡ್‌ಲೈನ್ ಶಿಸ್ತು ಬರತ್ತೆ, ಕನ್ಸೋಲ್ ಸರ್ಟಿಫಿಕೇಶನ್ (ರಿಲೀಸ್‌ಗೆ ಮುಂಚೆ ಕನ್ಸೋಲ್ ಕಂಪನಿ ಮಾಡೋ ತಪಾಸಣೆ) ಅಂದ್ರೇನು ಅಂತ ಗೊತ್ತಾಗತ್ತೆ, ತಿಂಗಳ ಸಂಬಳ ನಡೆಯತ್ತೆ. ಅಪಾಯ ಏನಂದ್ರೆ ಅದ್ರಲ್ಲೇ ಮುಳುಗಿ ಹೋಗೋದು. ಕೆಲವು ಸ್ಟುಡಿಯೋಗಳು ವಾರದಲ್ಲಿ ಒಂದು ದಿನ ಸ್ವಂತ ಗೇಮ್‌ಗೆ ಅಂತ ಇಡ್ತಾರೆ, ಗಡುವು ಬಂದಾಗ ಮೊದಲು ಬಲಿ ಆಗೋದು ಆ ದಿನಾನೇ. ನಮ್ಮಲ್ಲಿ ಕೆಲಸಕ್ಕೆ ಬಂದಿದ್ದು ಬೇರೆ ವಿಧಾನ, ಟೀಮಲ್ಲಿ ಇಬ್ರನ್ನ ಪೂರ್ತಿ ಸ್ವಂತ ಗೇಮ್ ಮೇಲೆ ಬಿಟ್ಟು ಉಳಿದವ್ರು ಹೊರಗಿನ ಕೆಲಸ ಮಾಡೋದು, ಆಮೇಲೆ ಸರದಿ ಬದಲಾಯಿಸೋದು. ನಮ್ಮ ಕಾರ್ಯಕ್ರಮದಿಂದ ನಾವು ಹೊರಗಿನ ಗಿರಾಕಿಗಳ ಮುಂದೆ ಇಡೀ ಪ್ರದೇಶದ ಒಂದು ಪಟ್ಟಿ ಇಟ್ಕೊಂಡು ಹೋಗ್ತಿದ್ವಿ, ಯಾರಿಗೆ ಯಾವಾಗ ಕೈ ಖಾಲಿ ಇದೆ ಅಂತ. ಒಬ್ಬರಿಗೆ ದೊಡ್ಡದಾದ ಕೆಲಸನ ಮೂರು ಟೀಮ್ ಹಂಚ್ಕೊಂಡಿದ್ದೂ ಇದೆ.

ಸ್ಟುಡಿಯೋ ಮುಚ್ಚೋ ದಿನಕ್ಕೂ ತಯಾರಿ ಬೇಕು, ಇದು ಯಾರ ಪಾಲಿಸಿಯಲ್ಲೂ ಇರಲ್ಲ. ಡಂಡೀ ನೋಡಿ, ಲೆಮ್ಮಿಂಗ್ಸ್ ಗೇಮ್ ಬಂದಿದ್ದು 1991ರಲ್ಲಿ ಅಲ್ಲಿಂದ, ಮೊದಲನೇ ಗ್ರ್ಯಾಂಡ್ ಥೆಫ್ಟ್ ಆಟೋ 1997ರಲ್ಲಿ ಅಲ್ಲಿಂದ, ಅಬರ್ಟೆ ಯೂನಿವರ್ಸಿಟಿ ಅದೇ 1997ರಲ್ಲಿ ಕಂಪ್ಯೂಟರ್ ಗೇಮ್ಸ್ ಡಿಗ್ರಿ ಶುರು ಮಾಡ್ತು. 2010ರಲ್ಲಿ ಅಲ್ಲಿನ ದೊಡ್ಡ ಸ್ಟುಡಿಯೋ ರಿಯಲ್‌ಟೈಮ್ ವರ್ಲ್ಡ್ಸ್ ಕುಸಿದು ಬಿತ್ತು, ತಮ್ಮ ದೊಡ್ಡ ಆನ್‌ಲೈನ್ ಗೇಮ್ ರಿಲೀಸ್ ಆದ ಕೆಲವೇ ವಾರದಲ್ಲಿ. ಊರಿನ ಕಥೆ ಮುಗೀತು ಅಂತ ಅನ್ಕೋಬೇಕಿತ್ತು, ಆದ್ರೆ ಯೂನಿವರ್ಸಿಟಿ ಇತ್ತು, ಹಳೇ ಕೈಗಳು ಇದ್ವು, ಚಿಕ್ಕ ಚಿಕ್ಕ ಟೀಮ್‌ಗಳಾಗಿ ಹರಡ್ಕೊಂಡ್ರು, ಇವತ್ತಿಗೂ ಅದು ಗೇಮ್ ಊರೇ. ಆಸ್ಟ್ರೇಲಿಯಾದಲ್ಲೂ ಹೀಗೇ, 2010ರ ಆಸುಪಾಸಲ್ಲಿ ಅಲ್ಲಿನ ಡಾಲರ್ ಬಲವಾಗಿ ಹೊರದೇಶದವ್ರಿಗೆ ಅಲ್ಲಿ ಕೆಲಸ ಮಾಡಿಸೋದು ದುಬಾರಿ ಆಯ್ತು, ದೊಡ್ಡ ಸ್ಟುಡಿಯೋಗಳು ಒಂದಾದ್ಮೇಲೊಂದು ಬಾಗಿಲು ಹಾಕಿದ್ವು, ಕೇಂದ್ರ ಸರ್ಕಾರ ಶುರು ಮಾಡಿದ ಫಂಡನ್ನ 2014ರಲ್ಲಿ ಅರ್ಧಕ್ಕೇ ನಿಲ್ಲಿಸಿಬಿಡ್ತು. ವಿಕ್ಟೋರಿಯಾ ರಾಜ್ಯ ಮಾತ್ರ ತನ್ನ ಚಿಕ್ಕ ಗ್ರಾಂಟ್ ಬಿಡ್ದೇ ಕೊಡ್ತಾ ಹೋಯ್ತು. 2019ರಲ್ಲಿ ಹೆಬ್ಬಾತಿನ ಗೇಮ್, ಅನ್‌ಟೈಟಲ್ಡ್ ಗೂಸ್ ಗೇಮ್, ಮೆಲ್ಬರ್ನ್‌ನಿಂದ ಬಂತು, ಅದಕ್ಕೂ ಆ ರಾಜ್ಯದ ದುಡ್ಡಿನ ಬೆಂಬಲ ಇತ್ತು. ಅಂದಹಾಗೆ ಅದನ್ನ ಮಾಡಿದ ಹೌಸ್ ಹೌಸ್ ಟೀಮಿಗೆ ಅದು ಮೊದಲನೇ ಗೇಮ್ ಅಲ್ಲ. ಕೇಂದ್ರದವ್ರು ಆಮೇಲೆ 2022ರ ಜುಲೈ ಲೆಕ್ಕದಿಂದ ಶೇ. 30 ತೆರಿಗೆ ರಿಯಾಯಿತಿ (ಟ್ಯಾಕ್ಸ್ ಆಫ್‌ಸೆಟ್) ತಂದ್ರು, ಆದ್ರೆ ಕನಿಷ್ಠ 5 ಲಕ್ಷ ಆಸ್ಟ್ರೇಲಿಯನ್ ಡಾಲರ್ ಖರ್ಚು ಮಾಡೋರಿಗೆ ಮಾತ್ರ, ಇಬ್ರು ಮೂರು ಜನದ ಟೀಮ್‌ಗೆ ಅದು ಸಾಮಾನ್ಯವಾಗಿ ಎಟುಕಲ್ಲ, ಅವ್ರಿಗೆ ಚಿಕ್ಕ ಗ್ರಾಂಟೇ ಗತಿ.

ನಮ್ಮಲ್ಲೂ ಒಂದು ಮಧ್ಯಮ ಗಾತ್ರದ ಸ್ಟುಡಿಯೋ ಮುಚ್ತು. ಸುದ್ದಿ ಬಂದ ದಿನವೇ ನಾವು ಮಾಡಿದ್ದು ಎರಡು ಕೆಲಸ. ಉಳಿದ ಸ್ಟುಡಿಯೋಗಳಿಗೆಲ್ಲ ಫೋನ್ ಮಾಡಿ ಖಾಲಿ ಕೆಲಸದ ಪಟ್ಟಿ ತಗೊಂಡ್ವಿ, ಮತ್ತೆ ಸಂಬಳ ಬಾಕಿ, ಪೋರ್ಟ್‌ಫೋಲಿಯೋದಲ್ಲಿ ಯಾವ ಕೆಲಸ ತೋರಿಸ್ಬಹುದು ಅನ್ನೋದಕ್ಕೆ ಆ ವಕೀಲರನ್ನ ಒಂದು ರೂಮಲ್ಲಿ ಕೂರಿಸಿದ್ವಿ. ಕೆಲಸ ಕಳ್ಕೊಂಡ ಆರ್ಟಿಸ್ಟ್‌ಗೆ ತಾನೇ ಬರೆದ ಚಿತ್ರ ತೋರಿಸೋ ಹಕ್ಕು ಇದೆಯೋ ಇಲ್ವೋ ಅಂತ ಗೊತ್ತಿಲ್ದೇ ಇದ್ರೆ ಅವ್ರು ಹೊಸ ಕೆಲಸಕ್ಕೆ ಏನು ತೋರಿಸ್ತಾರೆ? ಕೆಲವ್ರು ಬೇರೆ ಊರಿಗೆ ಹೋದ್ರು, ತಡೆಯೋಕಾಗ್ಲಿಲ್ಲ. ಉಳಿದವ್ರಲ್ಲಿ ಎರಡು ಗುಂಪು ಸ್ವಂತ ಟೀಮ್ ಕಟ್ಟಿದ್ರು, ಅವ್ರಿಗೆ ಫಂಡ್‌ನಲ್ಲಿ ಬಾಗಿಲು ತೆರೆದೇ ಇಟ್ಟಿದ್ವಿ.

ಕಾಲೇಜುಗಳ ವಿಷ್ಯ ಚುಟುಕಾಗಿ. ಅವ್ರು ಯಾವಾಗ್ಲೂ ಕೇಳೋದು, ಯಾವ ಎಂಜಿನ್ (ಗೇಮ್ ಕಟ್ಟೋ ಸಾಫ್ಟ್‌ವೇರ್) ಹೇಳ್ಕೊಡ್ಲಿ? ಎಂಜಿನ್ ಇವತ್ತು ಒಂದು ನಾಳೆ ಒಂದು. 2023ರ ಸೆಪ್ಟೆಂಬರಲ್ಲಿ ಯೂನಿಟಿ ಎಂಜಿನ್‌ನವ್ರು ಪ್ರತಿ ಇನ್‌ಸ್ಟಾಲ್‌ಗೆ ಫೀಸ್ ಅಂತ ಘೋಷಿಸಿದಾಗ ಇಡೀ ಇಂಡಸ್ಟ್ರಿ ಕಂಗಾಲಾಯ್ತು, ಒಂದು ವರ್ಷ ಆದ್ಮೇಲೆ ಅದನ್ನ ಪೂರ್ತಿ ಕೈ ಬಿಟ್ರು, ಅಷ್ಟರಲ್ಲಿ ಎಷ್ಟೋ ಜನ ಗೊಡೋ ಅನ್ನೋ ಇನ್ನೊಂದು ಎಂಜಿನ್ ಕಡೆ ಹೊರಳಿದ್ರು. ಒಂದೇ ಟೂಲ್ ಮೇಲೆ ಪಠ್ಯಕ್ರಮ ಕಟ್ಟಿದ್ರೆ ಹೀಗೇ. ನಾವು ಕಾಲೇಜಿನವ್ರನ್ನ ಕೇಳ್ಕೊಂಡಿದ್ದು, ಹುಡುಗ್ರು ಪಾಸಾಗೋ ಮುಂಚೆ ನಾಲ್ಕು ಜನರ ಟೀಮಲ್ಲಿ ಒಂದು ಚಿಕ್ಕ ಗೇಮನ್ನ ಪೂರ್ತಿ ಮುಗಿಸಿ, ಸೆಟ್ಟಿಂಗ್ಸ್ ಮೆನು, ಸೇವ್, ಕ್ರ್ಯಾಶ್ ಆಗದೇ ಇರೋದು ಎಲ್ಲ ಸೇರಿ, ಅಪರಿಚಿತರಿಗೆ ಆಡೋಕೆ ಕೊಟ್ಟಿರ್ಬೇಕು. ಹತ್ತು ಅರ್ಧಂಬರ್ಧ ಪ್ರಾಜೆಕ್ಟ್‌ಗಿಂತ ಅದೊಂದು ಸಾಕು.

ಎರಡನೇ ಗೇಮ್, ಮೂರನೇ ಗೇಮ್ ಅಂತ ನಾನು ಯಾಕೆ ಇಷ್ಟು ಬಡ್ಕೋತೀನಿ ಅಂದ್ರೆ ಸ್ವೀಡನ್ನಿನ ಷೋವ್ಡೆ ನೆನಪಾಗತ್ತೆ. ಪುಟ್ಟ ಊರು, ಅಲ್ಲಿ ಯೂನಿವರ್ಸಿಟಿ ಇದೆ, ಸೈನ್ಸ್ ಪಾರ್ಕ್ ಇದೆ. ಅಲ್ಲಿನ ವಿದ್ಯಾರ್ಥಿಗಳು 2010ರಲ್ಲಿ ಕಾಫಿ ಸ್ಟೇನ್ ಅನ್ನೋ ಸ್ಟುಡಿಯೋ ಶುರು ಮಾಡಿದ್ರು. 2011ರಲ್ಲಿ ಸ್ಯಾಂಕ್ಟಮ್, 2013ರಲ್ಲಿ ಅದ್ರ ಎರಡನೇ ಭಾಗ, ಆಮೇಲೆ ಒಳಗೊಳಗೇ ಮಾಡ್ಕೊಂಡ ಜ್ಯಾಮಲ್ಲಿ ತಮಾಷೆಗೆ ಹುಟ್ಟಿದ ಗೋಟ್ ಸಿಮ್ಯುಲೇಟರ್ 2014ರಲ್ಲಿ ಜಗತ್ತಿಗೆಲ್ಲ ಹಬ್ಬಿತು. ಮೊದಲನೇ ಗೇಮ್ ಆದ್ಮೇಲೆ ಅವ್ರು ಚದುರಿದ್ರೆ ಆ ಮೇಕೆ ಬರ್ತಿರ್ಲಿಲ್ಲ. ದುಡ್ಡು ಬಂದ್ಮೇಲೆ ಅವ್ರೇ ಪಬ್ಲಿಷರ್ ಆದ್ರು, 2021ರ ಫೆಬ್ರವರಿಯಲ್ಲಿ ಅದೇ ಊರಿನ ಐರನ್ ಗೇಟ್ ಅನ್ನೋ ಐದು ಜನರ ಟೀಮಿನ ವಾಲ್‌ಹೈಮ್ ಪಬ್ಲಿಷ್ ಮಾಡಿದ್ರು, ಸುಮಾರು ಒಂದು ತಿಂಗಳಲ್ಲಿ 50 ಲಕ್ಷ ಪ್ರತಿ ಹೋಯ್ತು. ಊರಿನ ಒಂದು ಟೀಮ್ ಉಳ್ಕೊಂಡಿದ್ದಕ್ಕೆ ಇನ್ನೊಂದು ಟೀಮ್‌ಗೆ ಪಕ್ಕದಲ್ಲೇ ಪಬ್ಲಿಷರ್ ಸಿಕ್ತು. ಸರ್ಕಾರಕ್ಕೆ ಇದನ್ನ ತೋರಿಸಿದ್ರೆ, ಹಾಗಾದ್ರೆ ನಮಗೂ ಒಂದು ವಾಲ್‌ಹೈಮ್ ಮಾಡಿ ಅಂತಾರೆ, ಅದು ಬೇರೆ ಮಾತು.

ವರ್ಷಕ್ಕೊಮ್ಮೆ ದುಡ್ಡು ಕೊಟ್ಟವ್ರಿಗೆ ರಿಪೋರ್ಟ್ ಕೊಡ್ಬೇಕು. ಅವ್ರ ಫಾರಮ್ಮಿನಲ್ಲಿ ಇರೋ ಕಾಲಮ್‌ಗಳು, ಎಷ್ಟು ಕಾರ್ಯಕ್ರಮ, ಎಷ್ಟು ಜನ ಹಾಜರಿ, ಎಷ್ಟು ಉದ್ಯೋಗ ಸೃಷ್ಟಿ. ತುಂಬಿ ಕೊಡ್ತಿದ್ವಿ, ಜೊತೆಗೆ ಕೇಳದೇ ಇದ್ರೂ ಒಂದು ಹಾಳೆ ಲಗತ್ತಿಸ್ತಿದ್ವಿ. ಅದ್ರಲ್ಲಿ ರಿಲೀಸ್ ಆದ ಗೇಮ್‌ಗಳು, ಅವುಗಳಲ್ಲಿ ಯಾವುದು ಟೀಮಿನ ಎಷ್ಟನೇ ಗೇಮ್, ಹಕ್ಕು ಯಾರ ಹತ್ರ ಉಳಿದಿದೆ, ಕಳೆದ ವರ್ಷದ ಟೀಮಲ್ಲಿ ಎಷ್ಟು ಜನ ಈ ವರ್ಷನೂ ಗೇಮ್ ಕೆಲಸದಲ್ಲೇ ಇದಾರೆ. ಮೊದಲು ಯಾರೂ ಓದ್ತಿರ್ಲಿಲ್ಲ. ಅಧಿಕಾರಿ ಬದಲಾದ್ಮೇಲೆ ಹೊಸಬ್ರು ಓದಿ, ಈ ಹಾಳೇನೇ ಮುಂದೆ ಇಡಿ, ಫಾರಂ ಹಿಂದೆ ಇರ್ಲಿ ಅಂದ್ರು.

ಈಗ ಕಾರ್ಯಕ್ರಮ ನಡೆಸ್ತಿರೋದು ನಾನಲ್ಲ, ನಮ್ಮ ಫಂಡಲ್ಲೇ ಎರಡು ಗೇಮ್ ಮುಗಿಸಿದ ಒಬ್ಬರು. ಅವ್ರು ಅರ್ಜಿ ನಮೂನೆ ತಿದ್ದುತಿದಾರೆ, ಫಂಡಿನ ಒಂದು ಭಾಗ ಎರಡನೇ ಗೇಮ್‌ಗೆ ಮಾತ್ರ ಅಂತ ತೆಗೆದಿಡೋಣ, ಅದೂ ಮೊದಲನೇ ಗೇಮ್ ರಿಲೀಸ್ ಆಗೋ ಮುಂಚೆನೇ ಅರ್ಜಿ ಹಾಕ್ಬೇಕು ಅನ್ನೋದು ಅವ್ರ ವಾದ, ಆಮೇಲೆ ಹಾಕಿದ್ರೆ ಟೀಮ್ ಅಷ್ಟೊತ್ತಿಗೆ ಒಡೆದಿರತ್ತೆ ಅಂತ. ಸಮಿತಿಯಲ್ಲಿ ಅರ್ಧ ಜನಕ್ಕೆ ಒಪ್ಪಿಗೆ ಇಲ್ಲ, ಮೊದಲನೇದು ಹೆಂಗೆ ಓಡತ್ತೆ ಅಂತ ನೋಡ್ದೇ ಎರಡನೇದಕ್ಕೆ ದುಡ್ಡು ಕೊಡೋದು ಹೆಂಗೆ ಅಂತ ಅವ್ರ ಪ್ರಶ್ನೆ. ನನ್ನ ವೋಟು ನಮೂನೆ ತಿದ್ದುತಿರೋವ್ರ ಕಡೆಗೇ. ಮುಂದಿನ ತಿಂಗಳು ತೀರ್ಮಾನ ಆಗತ್ತೆ.